ಮೂವರ ತಂಬೂರಿ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಾರ್ಯದರ್ಶಿಗಳು ತಿಂಗಳ ಹಿಂದೆ ಬ್ಯಾಂಕಿನ ಕಟ್ಟೆಗೆ ಬಂದು, ಪಾಸ್‌ಬುಕ್ಕನ್ನು ಕಿಂಡಿಯೊಳಗೆ ಚಾಚುತ್ತ, "ಈ ಸಲ ರಾಜ್ಯೋತ್ಸವಕ್ಕ ನೀವು ಸಂಗೀತದ ಮ್ಯಾಲೆ ಒಂದು ಹದಿನೈದು ಮಿನಿಟು ಮಾತಾಡಬೇಕ್ರಿ" ಎಂದರು. ಅವರ ಹಿಂದೆ ಸಾಲಿನಲ್ಲಿ ಹನ್ನೊಂದು ಮಂದಿ ನಿಂತಿದ್ದರು. ಅಂಥ ಹೊತ್ತಿನಲ್ಲಿ ಒಲ್ಲೆನೆಂದರೆ ಕಾರಣ ಹೇಳಬೇಕು. ಹೂಂ ಎಂದರೆ ಹೇಳಬೇಕಾಗಿಲ್ಲ. ಹೂಂ ಎಂದೆವು. ಆ ಹೂಂಕಾರದ ಫಲವನ್ನು ತಾವೀಗ ಅನುಭವಿಸಬೇಕಾಗಿದೆ.

ಮೊದಲೇ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ನಾವು ಗವಾಯಿಗಳಲ್ಲ. "ನಾವು" ಎಂದು ಅನ್ನುತ್ತಿರುವುದೂ ದೊಡ್ಡಸ್ತಿಕೆಯ ಬಹುವಚನವಲ್ಲ. ನಾವು ನಿಜವಾಗಿಯೂ ಮೂವರಿದ್ದೇವೆ. ಒಬ್ಬರು ಶಾಲೆಯ ಶಿಕ್ಷಕಿ. ಇನ್ನೊಬ್ಬರು ಭೋಸರಿಯ ಕಡೆ ಕಾರಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವವರು. ಮೂರನೆಯವನು ಬಿ.ಕಾಂ. ಪಾಸಾಗಿ ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡುವವನು. ಅವನೇ ಈಗ ತಮ್ಮೆದುರು ನಿಂತಿದ್ದಾನೆ. ಮೂವರೂ ಧಾರವಾಡದ ಸೀಮೆಯವರು. ಮೂವರಿಗೂ ಮೂವತ್ತು ದಾಟಿದೆ. ಮೂವರಿಗೂ ಸೇರಿ ಒಬ್ಬರೇ ಗುರುಗಳು, ಒಂದೇ ತಂಬೂರಿ. ಮೂವರಲ್ಲಿ ಒಬ್ಬರಾದರೂ ಎಂದಾದರೊಂದು ದಿನ ಹೆಸರಾಂತ ಬೈಠಕಿನಲ್ಲಿ ಹಾಡುವರೆಂಬ ಭ್ರಮೆ ನಮಗಾರಿಗೂ ಇಲ್ಲ. ಹಾಗಾದರೆ ಏಕೆ ಕಲಿಯುತ್ತೀರಿ ಎಂದು ತಾವು ಕೇಳಬಹುದು. ಮನೆಯವರು ಈಗಾಗಲೇ ಕೇಳಿದ್ದಾರೆ.

ಈ ಪ್ರಶ್ನೆಯನ್ನು ಪುಣೆಯಲ್ಲಿ ನಿಂತು ಕೇಳಿದಾಗ ಕನ್ನಡಿಗನಾದವನಿಗೆ ಕೆಲವು ಹೆಸರುಗಳು ನೆನಪಾಗದೆ ಇರವು. ಖಾನಸಾಹೇಬ ಅಬ್ದುಲ್ ಕರೀಂ ಖಾನರು ತಮ್ಮ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದದ್ದು ಈ ಊರಿನಲ್ಲಿ, 1913ರಲ್ಲಿ. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಎಂದರೆ ಸವಾಯಿ ಗಂಧರ್ವರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವರಿಗಿಂತ ಕಾಲುಪಾಲು ಹೆಚ್ಚಿನವರೆಂದು ಆ ಬಿರುದು. ಲೆಕ್ಕದ ಭಾಷೆಯಲ್ಲಿ ಬಂದ ಬಿರುದು ಇದು; ಬ್ಯಾಂಕಿನವನಿಗೆ ಅದರ ಮೇಲೆ ತುಸು ಹೆಚ್ಚಿನ ಪ್ರೀತಿ. ಅವರು 1952ರಲ್ಲಿ ಪುಣೆಯಲ್ಲಿಯೇ ತೀರಿಕೊಂಡರು. ಮರುವರ್ಷವೇ, 1953ರಲ್ಲಿ, ಅವರ ಶಿಷ್ಯರಾದ ಭೀಮಸೇನ ಜೋಶಿಯವರು ಗುರುವಿನ ಪುಣ್ಯತಿಥಿಯನ್ನು ಸಂಗೀತದಿಂದ ಆಚರಿಸಲು ಸುರುಮಾಡಿದರು. ಈಗ ಡಿಸೆಂಬರು ಬಂತೆಂದರೆ ಪುಣೆಗೆ ಪುಣೆಯೇ ಸ್ವೆಟರು ಹಾಕಿಕೊಂಡು ಹೋಗಿ ಕೂಡ್ರುವ ಉತ್ಸವ ಅದೇ.

ಗದಗಿನ ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆ ತಮಗೆಲ್ಲ ಗೊತ್ತಿದ್ದದ್ದೇ. ಊರೂರು ತಿರುಗಿ, ಕೊನೆಗೆ ಗುರು ಸಿಕ್ಕದ್ದು ಹೊರಟ ಊರಿನ ಮಗ್ಗುಲಿಗೇ, ಕುಂದಗೋಳದಲ್ಲಿ. ಅದೇ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಗಂಗೂಬಾಯಿ ಹಾನಗಲ್ಲರು ಕಲಿತರು. ಮನೆ, ಮಕ್ಕಳು, ಸಂಸಾರದ ಚಿಂತೆ ಎಲ್ಲವೂ ಇದ್ದು ರೈಲು ಹತ್ತಿದರು. ಭೀಮಸೇನರ ಕಥೆ ಕೇಳಿದಾಗ ನಮಗೆ ಬೆರಗು; ಗಂಗೂಬಾಯಿಯವರ ಕಥೆ ಕೇಳಿದಾಗ ನಾಚಿಕೆ. ಏಕೆಂದರೆ ಮನೆ ಬಿಟ್ಟು ಓಡಿಹೋಗುವುದು ನಮ್ಮಿಂದ ಆಗದ ಮಾತೆಂದು ಬಿಟ್ಟುಬಿಡಬಹುದು. ಆದರೆ ರೈಲು ಹತ್ತಿ ಹೋಗಿ ಸಂಜೆಯ ಪಾಠ ಮುಗಿಸಿ ಮನೆಗೆ ಬರುವುದು ಯಾರಿಂದಲೂ ಆಗುವ ಮಾತಲ್ಲವೆ?

ರಾಜ್ಯೋತ್ಸವದ ದಿನವಾದ್ದರಿಂದ ಇನ್ನೊಂದು ಮಾತು. ಸಂಸ್ಥಾನಗಳ ಕಾಲದಲ್ಲಿ ಕುಂದಗೋಳ ಜಮಖಂಡಿಯವರದು. ಆ ಮೇಲೆ ಮುಂಬಯಿ ರಾಜ್ಯದ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯಕ್ಕೇ ಕರ್ನಾಟಕವೆಂದು ಹೆಸರಾಯಿತು. ಪುಣೆ 1960ರಿಂದ ಮಹಾರಾಷ್ಟ್ರದ್ದು. ಇಷ್ಟೆಲ್ಲ ಗೆರೆ ಎಳೆದರೂ ಹಾಡು ಮಾತ್ರ ಹುಬ್ಬಳ್ಳಿ, ಬೆಳಗಾವಿ, ಮೀರಜ, ಪುಣೆ ಎಂದು ಅದೇ ರೈಲುಹಾದಿಯಲ್ಲಿ ಓಡಾಡಿಕೊಂಡಿತ್ತು. ಈಗ 2024ರಿಂದ ಅದೇ ಹಾದಿಯಲ್ಲಿ ವಂದೇ ಭಾರತ್ ಗಾಡಿಯೂ ಓಡುತ್ತಿದೆ. ಅದರ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಬಾಗಿಲಲ್ಲಿ ನಿಂತು ತಾನು ತೆಗೆಯುವ ಸುಖ ಅದರಲ್ಲಿ ಇಲ್ಲ.

ನಮ್ಮ ತಂಬೂರಿ ಬಂದದ್ದೂ ಅದೇ ಹಾದಿಯಿಂದ. ಮೂರು ವರ್ಷ ನಾವು ಮೊಬೈಲಿನ ತಂಬೂರಿ ಇಟ್ಟುಕೊಂಡು ಹಾಡಿದೆವು. ಅದನ್ನು ಹಳಿಯಲಾರೆವು. ಬೆಂಗಳೂರಿನ ರಾಡೆಲ್ ಸಂಸ್ಥೆಯವರು 1979ರಲ್ಲಿ ವಿದ್ಯುತ್ ತಂಬೂರಿಯನ್ನು ತಂದಂದಿನಿಂದ ನಮ್ಮಂಥವರಿಗೆ ಎಷ್ಟು ಉಪಕಾರವಾಗಿದೆಯೋ! ಬೆರಳು ನೋಯದು, ತಂತಿ ಹರಿಯದು, ಶ್ರುತಿ ಇಳಿಯದು. ಆದರೆ ಗುರುಗಳು ಒಂದು ದಿನ, "ಯಂತ್ರ ನಿಮಗೆ ಶ್ರುತಿ ಕೊಡುತ್ತದೆ. ನೀವು ಯಾವಾಗ ಅದಕ್ಕೆ ಶ್ರುತಿ ಕೊಡುವುದು?" ಎಂದರು. ಆಗ ಮೂವರೂ ದುಡ್ಡು ಕೂಡಿಸಿ ಮೀರಜಕ್ಕೆ ಹೋದೆವು.

ಮೀರಜದಲ್ಲಿ ತಂತಿವಾದ್ಯ ಮಾಡುವವರ ಗಲ್ಲಿಯನ್ನು ತಾವು ನೋಡಿರದಿದ್ದರೆ ಒಮ್ಮೆ ನೋಡಬೇಕು. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ಸೋರೆ ಬುರುಡೆಗಳು ಗೋಡೆಯ ತುಂಬ ತೂಗಾಡುತ್ತಿರುತ್ತವೆ. ಒಂದೊಂದೂ ಒಂದೊಂದು ಗಾತ್ರ. ಯಾವ ಬುರುಡೆ ಗಂಡಸಿನ ಪಟ್ಟಿಗೆ, ಯಾವುದು ಹೆಂಗಸಿನ ಪಟ್ಟಿಗೆ ಎಂಬುದನ್ನು ಬಡಿದು ನೋಡಿ ಹೇಳುತ್ತಾರೆ. ಮೀರಜದ ತಂಬೂರಿಗೂ ಸಿತಾರಿಗೂ 2024ರಲ್ಲಿ ಭೌಗೋಳಿಕ ಗುರುತು, ಎಂದರೆ ಇಂಥ ಊರಿನದೇ ಎಂಬ ಸರಕಾರಿ ಮೊಹರು ಸಿಕ್ಕಿತು. ನಮಗೆ ತಂಬೂರಿ ಮಾಡಿಕೊಟ್ಟ ಮುದುಕರು ಕುದುರೆಯನ್ನು, ಎಂದರೆ ತಂತಿಗಳು ಹಾಯುವ ಎಲುಬಿನ ಪಟ್ಟಿಯನ್ನು, ಇಡೀ ಮಧ್ಯಾಹ್ನ ಕೂತು ಕಾನಸಿನಿಂದ ತೀಡಿದರು. ಒಂದು ಸಲ ಉಜ್ಜುವುದು, ತಂತಿ ಕೂಡಿಸುವುದು, ಮೀಟುವುದು, ಬಿಚ್ಚುವುದು, ಮತ್ತೆ ಉಜ್ಜುವುದು. ಇದಕ್ಕೆ ಜವಾರಿ ಬಿಡಿಸುವುದು ಎನ್ನುತ್ತಾರೆ. ನಮ್ಮ ಊರಿನಲ್ಲಿ ಜವಾರಿ ಎಂದರೆ ನಾಟಿ ಬದನೆಕಾಯಿ, ನಾಟಿ ಜೋಳ. ಶಿಕ್ಷಕಿಯವರು ನಗುತ್ತ, "ಹಂಗಾರ ಇದು ಜವಾರಿ ತಂಬೂರಿ ಆತು" ಎಂದರು. ಆ ಮುದುಕರಿಗೆ ಕನ್ನಡ ಬರುತ್ತಿತ್ತು, ಅವರೂ ನಕ್ಕರು. ಆದರೆ ಕೈ ನಿಲ್ಲಿಸಲಿಲ್ಲ.

ಹೀಗೆ ಬಂದ ತಂಬೂರಿಗೆ ಮೂವರು ಒಡೆಯರು. ವಾರಕ್ಕೊಬ್ಬರ ಮನೆಯಲ್ಲಿ ಅದರ ವಾಸ. ಆದಿತ್ಯವಾರ ಸಂಜೆ ಹಸ್ತಾಂತರ. ಒಮ್ಮೆ ಅದನ್ನು ಮೆಟ್ರೋದಲ್ಲಿ ಒಯ್ಯಬೇಕಾಯಿತು. ಗವಸಣಿಗೆ ಹಾಕಿದ ಆ ಎತ್ತರದ ವಸ್ತುವನ್ನು ನೋಡಿ ಕಾವಲಿನವನು ಗಾಬರಿಯಾಗಿ ಬಿಚ್ಚಲು ಹೇಳಿದ. ಬಿಚ್ಚಿದೆವು. ಒಳಗೇನಿದೆ ಎಂದು ಬುರುಡೆಯನ್ನು ಬಡಿದ. ಏನೂ ಇಲ್ಲ, ಗಾಳಿ ಇದೆ ಎಂದೆವು. ನಂಬದೆ ಒಂದು ತಂತಿಯನ್ನು ಮೀಟಿದ. ಖರ್ಜದ ತಂತಿ ಅದು. ನಿಲ್ದಾಣದ ಆ ಗೌಜಿನಲ್ಲಿಯೂ ಝೇಂಕಾರವೆದ್ದಿತು. ಪಾಪ, ಅವನ ಮುಖ ನೋಡಬೇಕಿತ್ತು. ಇನ್ನೊಂದು ಸಲ ಮೀಟಲೇ ಎಂದು ಕೇಳಿದ. ಹಿಂದಿನವರು ಗೊಣಗುತ್ತಿದ್ದರು, ಆದರೂ ಮೀಟು ಎಂದೆವು. ಆ ದಿನದ ಲಾಭದ ಕಲಮಿಗೆ ಅದನ್ನು ಬರೆದುಕೊಂಡೆವು.

ಲಾಭದ ಕಲಮು ಎಂದದ್ದು ಹುಡುಗಾಟವಲ್ಲ. ನಮ್ಮಲ್ಲಿಯ ಬ್ಯಾಂಕಿನವನು ಒಂದು ಸಣ್ಣ ವಹಿಯನ್ನೇ ಇಟ್ಟಿದ್ದಾನೆ. ದಿನಕ್ಕೆ ನಲವತ್ತು ಮಿನಿಟಿನ ಸಾಧನೆ. ಬೆಳಗಿನ ಐದರಿಂದ ಐದೂ ನಲವತ್ತು. ವರ್ಷವೆಲ್ಲ ತಪ್ಪದೆ ಮಾಡಿದರೆ 243 ಗಂಟೆ, ಎಂದರೆ ಹಗಲು ರಾತ್ರಿ ಸೇರಿ ಹತ್ತು ದಿನ. ಗುರುವಿನ ಮನೆಯಲ್ಲಿ ನೀರು ಹೊತ್ತು ವರ್ಷಗಟ್ಟಲೆ ಕಲಿತವರ ಎದುರು ವರ್ಷಕ್ಕೆ ಹತ್ತು ದಿನ! ಮೊದಲ ಸಲ ಈ ಲೆಕ್ಕ ಹಾಕಿದ ರಾತ್ರಿ ಅವನಿಗೆ ಊಟ ರುಚಿಸಲಿಲ್ಲವಂತೆ. ಆ ಮೇಲೆ ಅವನು ವಹಿಯಲ್ಲಿ ಗಂಟೆ ಬರೆಯುವುದನ್ನು ಬಿಟ್ಟ. ಆ ದಿನ ಕಿವಿಗೆ ಬಿದ್ದ ಒಂದು ಒಳ್ಳೆಯದನ್ನು ಮಾತ್ರ ಬರೆಯತೊಡಗಿದ. ಆ ವಹಿಯಿಂದ ಎರಡು ಮೂರನ್ನು ಹೇಳಿದರೆ ತಮಗೆ ಬೇಸರವಾಗದೆಂದು ನಂಬಿದ್ದೇವೆ.

ಸದಾಶಿವ ಪೇಟೆಯ ಅಮೃತತುಲ್ಯ ಚಹದ ಅಂಗಡಿ. ಹಿತ್ತಾಳೆಯ ಕುಟ್ಟಾಣಿಯಲ್ಲಿ ಏಲಕ್ಕಿ ಶುಂಠಿ ಕುಟ್ಟುವ ಹುಡುಗ ದಿನಾಲೂ ಒಂದೇ ಲಯದಲ್ಲಿ ಕುಟ್ಟುತ್ತಾನೆ. ಪಾಠಕ್ಕೆ ಹೋಗುವ ಮೊದಲು ನಾವು ಅಲ್ಲಿ ನಿಂತು ಚಹ ಕುಡಿಯುತ್ತೇವೆ. ಆ ಕುಟ್ಟಿಗೆಯ ಮೇಲೆ ಮನಸ್ಸಿನಲ್ಲಿಯೇ ತೀನತಾಳದ ಹದಿನಾರು ಮಾತ್ರೆಗಳನ್ನು ಎಣಿಸಿ ಸಮಕ್ಕೆ ಸರಿಯಾಗಿ ಕಪ್ಪು ಕೆಳಗಿಡುವ ಪಂದ್ಯ ನಮ್ಮದು. ಕಾರಖಾನೆಯವರೇ ಯಾವಾಗಲೂ ಗೆಲ್ಲುತ್ತಾರೆ. ಅವರು ದಿನವೆಲ್ಲ ಯಂತ್ರದ ಮುಂದೆ ನಿಂತವರು.

ನವೆಂಬರಿನಲ್ಲಿ ಬ್ಯಾಂಕಿಗೆ ಪೆನ್ಶನ್ನಿನವರು ಹಯಾತಿ ದಾಖಲೆಗೆ, ಎಂದರೆ ತಾವಿನ್ನೂ ಬದುಕಿದ್ದೇವೆಂದು ಸಹಿ ಹಾಕಲು, ಬರುತ್ತಾರೆ. ಒಬ್ಬ ಅಜ್ಜರು ಪ್ರತಿವರ್ಷ ಸಹಿ ಹಾಕುತ್ತ ಸವಾಯಿ ಉತ್ಸವದ ಹಳೆಯ ರಾತ್ರಿಗಳನ್ನು ನೆನೆಯುತ್ತಾರೆ. ರಮಣಬಾಗ ಶಾಲೆಯ ಅಂಗಳದಲ್ಲಿ ರಾತ್ರಿಯೆಲ್ಲ ಕಂಬಳಿ ಹೊದ್ದು ಕೂತು, ಕೊನೆಗೆ ಭೀಮಸೇನರು ಕೂತಾಗ ಎಚ್ಚರಾದದ್ದು ತಾವೋ ಸೂರ್ಯನೋ ತಿಳಿಯದಂತಾದದ್ದು. ಈಗ ಧ್ವನಿವರ್ಧಕದ ಕಾಯದೆಯಿಂದ ರಾತ್ರಿ ಹತ್ತಕ್ಕೆಲ್ಲ ಮುಗಿಸಬೇಕಾಗುತ್ತದೆ. ಸ್ಥಳವೂ ಮುಕುಂದನಗರಕ್ಕೆ ಬದಲಾಗಿದೆ. ಬೆಳಗಿನ ರಾಗಗಳನ್ನು ಬೆಳಗಿನಲ್ಲಿ ಕೇಳುವ ಭಾಗ್ಯ ಕಡಿಮೆಯಾಯಿತೆಂದು ಅಜ್ಜರ ಕೊರಗು. ನಾವು ಆ ರಾತ್ರಿಗಳನ್ನು ಕಾಣದವರು. ಆದರೂ ಅಜ್ಜರ ಬಾಯಲ್ಲಿ ಕೇಳುವಾಗ ನಾವೂ ಕಂಬಳಿ ಹೊದ್ದವರಂತೆ ಆಗುತ್ತೇವೆ. ಸಾಲು ಬೆಳೆಯುತ್ತದೆ, ಮ್ಯಾನೇಜರರು ಗಾಜಿನ ಕೋಣೆಯೊಳಗಿಂದ ನೋಡುತ್ತಾರೆ.

ನೆರೆಯವರ ವಿಷಯ. ಪುಣೆಯ ಪಾಟಿಗಳ ಖ್ಯಾತಿಯನ್ನು ತಾವು ಬಲ್ಲಿರಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಕೂಡದೆಂಬ ಫಲಕಗಳ ಊರು ಇದು. ಬ್ಯಾಂಕಿನವನ ಕೆಳಮನೆಯ ನಿವೃತ್ತ ಗೃಹಸ್ಥರು ಒಂದು ಮುಂಜಾನೆ ಜಿನ್ನೆಯ ಗೋಡೆಗೆ ಒಂದು ಚೀಟಿ ಅಂಟಿಸಿದರು. ಸಾಧನೆಗೆ ಕಲ್ಲು ಬಿತ್ತೆಂದು ಎದೆ ಧಸಕ್ಕೆಂದಿತು. ಓದಿ ನೋಡಿದರೆ, ಬೆಳಿಗ್ಗೆ ಐದಕ್ಕೆ ಹಾಡುವವರು ದಯಮಾಡಿ ನಿಷಾದವನ್ನು ಇನ್ನಷ್ಟು ಮೇಲೆ ಹಚ್ಚಬೇಕು ಎಂದಿತ್ತು. ಇಂಥ ನೆರೆ ಬೇರೆ ಯಾವ ಊರಲ್ಲಿ ಸಿಕ್ಕೀತು! ಒಂದು ತಿಂಗಳ ಮೇಲೆ ಚೀಟಿ ಮಾಯವಾಯಿತು. ಅದನ್ನು ವಹಿಯಲ್ಲಿ ಕೆಂಪು ಶಾಯಿಯಿಂದ ಬರೆದಿದೆ.

ಇನ್ನು ಗುರುಗಳು. ಅವರು ಮರಾಠಿಯವರು, ಎಪ್ಪತ್ತು ದಾಟಿದ ಬಾಯಿ. ಹಳೆಯ ವಾಡೆಯೊಂದರ ಮಾಳಿಗೆಯ ಮೇಲೆ ಎರಡು ಕೋಣೆ. ನಾವು ಹಾಡಿದ್ದು ತಪ್ಪಾದರೂ ಸರಿಯಾದರೂ ಅವರು ಅನ್ನುವ ಮಾತು ಒಂದೇ: "ಪುನ್ಹಾ." ಮತ್ತೊಮ್ಮೆ. ಯಮನ್ ರಾಗದ ಒಂದೇ ಚೀಜನ್ನು ನಾವು ಏಳು ತಿಂಗಳು ಹಾಡಿದ್ದೇವೆ. ಸಿಟ್ಟು ಬಂದದ್ದುಂಟು. ಅಳು ಬಂದದ್ದುಂಟು, ಯಾರಿಗೆಂದು ಹೇಳುವುದಿಲ್ಲ. ಕಳೆದ ಶ್ರಾವಣದಲ್ಲಿ, ಹೊರಗೆ ಮಳೆ ಹಿಡಿದಿತ್ತು, ಮೀರಜದ ತಂಬೂರಿಯನ್ನು ಶ್ರುತಿ ಮಾಡಲು ನಮಗೆ ಒಪ್ಪಿಸಿ ಅವರು ಒಳಗೆ ಹೋದರು. ತೇವಕ್ಕೆ ತಂತಿ ನಿಲ್ಲಲೊಲ್ಲವು. ಪಂಚಮ ಸರಿಮಾಡಿದರೆ ಜೋಡು ಷಡ್ಜಗಳಲ್ಲಿ ಒಂದು ಇಳಿಯುತ್ತಿತ್ತು. ಅರ್ಧ ಗಂಟೆ ಒದ್ದಾಡಿದೆವು. ಕುದುರೆಯ ಮೇಲಿನ ದಾರದೆಳೆಯನ್ನು ಕೂದಲೆಳೆಯಷ್ಟು ಆಚೆ ಸರಿಸಿದಾಗ ನಾಲ್ಕೂ ತಂತಿಗಳು ಒಮ್ಮೆಲೆ ಒಂದಾದವು. ಆಗ ಶಿಕ್ಷಕಿಯವರು ಬೆರಳು ತುಟಿಗಿಟ್ಟರು. ತಂಬೂರಿಯೊಳಗಿಂದ ಗಾಂಧಾರ ಕೇಳುತ್ತಿತ್ತು.

ಗಾಂಧಾರಕ್ಕೆ ತಂಬೂರಿಯಲ್ಲಿ ತಂತಿ ಇಲ್ಲ. ಇರುವುದು ಪಂಚಮ, ಎರಡು ಷಡ್ಜ, ಒಂದು ಖರ್ಜ. ಖರ್ಜದ ತಂತಿ ಇಡಿಯಾಗಿ ಅಲುಗುವುದರ ಜೊತೆಗೆ ಐದು ಪಾಲಾಗಿಯೂ ಅಲುಗುತ್ತದಂತೆ; ಆ ಐದನೆಯ ಉಪಸ್ವರವೇ ಗಾಂಧಾರ. ಬಾಗಿದ ಕುದುರೆಯೂ ಆ ದಾರದೆಳೆಯೂ ಸೇರಿ, ಬೇರೆ ವಾದ್ಯಗಳಲ್ಲಿ ಅಡಗಿಯೇ ಉಳಿಯುವ ಇಂಥ ಉಪಸ್ವರಗಳನ್ನು ಹೊರಗೆ ತರುತ್ತವೆ. ಸರ್ ಸಿ. ವಿ. ರಾಮನ್ನರು 1921ರಷ್ಟು ಹಿಂದೆಯೇ ನಮ್ಮ ವೀಣೆ ತಂಬೂರಿಗಳ ಈ ಗುಣವನ್ನು ಕುರಿತು ಪ್ರಬಂಧ ಬರೆದಿದ್ದಾರೆ. ಇದನ್ನೆಲ್ಲ ಆ ಮೇಲೆ ಓದಿ ತಿಳಿದುಕೊಂಡೆವು. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ಯಾರೂ ಮೀಟದ ಸ್ವರವೊಂದು ಕೋಣೆಯಲ್ಲಿತ್ತು. ಯಂತ್ರದ ತಂಬೂರಿಯಲ್ಲಿಯೂ ಅದು ಇದ್ದೀತು. ನಾವು ತರಿಸಿದ್ದಲ್ಲವಾಗಿ ನಮಗೆ ಕೇಳಿಸಿರಲಿಲ್ಲ. ಗುರುಗಳು ಒಳಗಿಂದ ಬಂದು ಬಾಗಿಲಲ್ಲಿ ನಿಂತರು. ಅಂದು ಮಾತ್ರ ಪುನ್ಹಾ ಎನ್ನಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಭಾಷಣ ಚೆಂದಾಗುತ್ತಿತ್ತು. ಆದರೆ ಅದೇ ವಾರ ಬ್ಯಾಂಕಿನಲ್ಲಿ ಬಡತಿಯ ಸುತ್ತೋಲೆ ಬಂತು. ಕಾರಕೂನರು ಅಧಿಕಾರಿಗಳಾಗಲು ಅರ್ಜಿ ಹಾಕಬಹುದು. ಆರಿಸಿ ಬಂದವರು ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ನಮ್ಮವನು ಎರಡು ಸಲ ಇದನ್ನು ಬಿಟ್ಟುಕೊಟ್ಟಿದ್ದಾನೆ. ಊರಲ್ಲಿ ತಂದೆ, "ತಂಬೂರಿ ತುತ್ತು ಹಾಕತದೇನೋ ತಮ್ಮಾ?" ಎಂದು ಕೇಳಿದ್ದಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಮಗಳು ಬರುವ ವರ್ಷ ಶಾಲೆಗೆ ಹೋಗುವವಳು. ಮನೆಯ ಬಾಡಿಗೆ ಸಂಬಳಕ್ಕಿಂತ ವೇಗವಾಗಿ ಬಡತಿ ಪಡೆಯುತ್ತದೆ. ಅವನ ಜೊತೆಗೆ ಸೇರಿದವರು ಇಂದು ಗಾಜಿನ ಕೋಣೆಗಳಲ್ಲಿ ಕೂತಿದ್ದಾರೆ.

ಆದಿತ್ಯವಾರ ಮೂವರೂ ಕೂತು ಇದನ್ನು ಮಾತಾಡಿದೆವು. ಪಾಲುದಾರನೊಬ್ಬ ಬಿಟ್ಟುಹೋದರೆ ಲೆಕ್ಕ ಹೇಗೆ ತೀರಿಸಬೇಕೆಂಬುದನ್ನು ಬಿ.ಕಾಂ.ನಲ್ಲಿ ಕಲಿಸಿದ್ದರು: ಆಸ್ತಿಯ ಬೆಲೆ ಕಟ್ಟು, ಗುಡ್‌ವಿಲ್ಲಿನ ಬೆಲೆ ಕಟ್ಟು, ಅವನ ಪಾಲು ಅವನಿಗೆ ಕೊಡು. ತಂಬೂರಿಯ ಮೂರನೆಯ ಒಂದು ಪಾಲಿಗೆ ಬೆಲೆ ಕಟ್ಟಬಹುದು. ಆ ಗಾಂಧಾರದ ಪಾಲನ್ನು ಯಾವ ಕಲಮಿಗೆ ಹಚ್ಚುವುದು? ಕಾರಖಾನೆಯವರು ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತು ಕೇಳಿದರು: "ನೀವು ಹೋಗಲಿಕ್ಕೆ ಒಲ್ಲೆ ಅನ್ನೋದು ಹಾಡಿನ ಸಲುವಾಗೋ, ಅಂಜಿಕಿ ಸಲುವಾಗೋ?" ಸಣ್ಣ ಸಣ್ಣ ಸಂತೋಷಗಳ ವಹಿಯನ್ನು ಇಟ್ಟವನಿಗೆ ಈ ಪ್ರಶ್ನೆ ಚುಚ್ಚಿತು. ದೊಡ್ಡದಕ್ಕೆ ಕೈಹಾಕಲು ಅಂಜಿದವನು ಸಣ್ಣದನ್ನು ಹೊಗಳುತ್ತ ಕೂಡ್ರುವುದುಂಟು. ಹನ್ನೊಂದರ ಹುಡುಗ ಎಲ್ಲವನ್ನೂ ಬಿಟ್ಟು ಹೊರಟ. ನಾವು ಏನನ್ನೂ ಬಿಡದೆ ಎಲ್ಲದರಲ್ಲಿ ನಲವತ್ತು ಮಿನಿಟು ಉಳಿಸಿಕೊಂಡವರು. ಇದಕ್ಕೆ ಆ ದಿನವೂ ಉತ್ತರ ಸಿಗಲಿಲ್ಲ, ಇಂದೂ ಸಿಕ್ಕಿಲ್ಲ.

ಗುರುಗಳಿಗೆ ಹೇಳಿದೆವು. ಎಲ್ಲಿಗೆ ವರ್ಗ ಎಂದು ಕೇಳಿದರು. ಗೊತ್ತಿಲ್ಲ ಎಂದೆವು. ಅರ್ಜಿ ಹಾಕುವ ಕೊನೆಯ ದಿನ ಎಂದು ಎಂದು ಕೇಳಿದರು. ಹೇಳಿದೆವು. "ಅಂದರೆ ಇನ್ನೂ ನಾಲ್ಕು ಪಾಠ ಇವೆ" ಎಂದು ಯಮನ್ ಸುರುಮಾಡಿಸಿದರು. ಆ ನಾಲ್ಕು ಪಾಠಗಳಷ್ಟು ಚೆನ್ನಾಗಿ ನಾವು ಎಂದೂ ಹಾಡಿರಲಿಲ್ಲ.

ನಾಲ್ಕನೆಯ ಪಾಠದ ಮರುದಿನ ನಮ್ಮವನು ಅರ್ಜಿ ಹಾಕಿದ. ಹಾಕಿದ ಸುದ್ದಿಯನ್ನು ತಂದೆಗೆ ಫೋನಿನಲ್ಲಿ ಹೇಳಿದಾಗ ಅವರು ಖುಷಿಪಟ್ಟು, ಅರೆಗಳಿಗೆ ಬಿಟ್ಟು, "ಮತ್ತ ಹಾಡು?" ಎಂದರಂತೆ. ಪರೀಕ್ಷೆ, ಮುಲಾಖತ್ತು ಎರಡೂ ಆಗಿವೆ. ಫಲ ಇನ್ನೂ ಬಂದಿಲ್ಲ. ಅವನು ಹೋದರೆ ತಂಬೂರಿ ಯಾರಲ್ಲಿ ಇರಬೇಕೆಂಬುದನ್ನು ಉಳಿದಿಬ್ಬರು ಈವರೆಗೆ ಎತ್ತಿಲ್ಲ. ಆದಿತ್ಯವಾರದ ಹಸ್ತಾಂತರ ಎಂದಿನಂತೆ ನಡೆದಿದೆ. ಮೊನ್ನೆ ಅವನ ಪಾಳಿ ಬಂದಾಗ ಗವಸಣಿಗೆಯ ಹರಿದ ಹೊಲಿಗೆಯನ್ನು ಶಿಕ್ಷಕಿಯವರು ಹೊಸ ದಾರದಿಂದ ಹೊಲಿದು ಕೊಟ್ಟಿದ್ದರು. ದೂರದ ಪ್ರಯಾಣಕ್ಕೆ ತಾಳುವಷ್ಟು ಒತ್ತಾದ ಹೊಲಿಗೆ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಮಾತಾದ ಮೇಲೆ ಮೂವರೂ ಸೇರಿ ಹತ್ತು ಮಿನಿಟು ಯಮನ್ ಹಾಡಬೇಕೆಂದು ಅವರು ಪತ್ರಿಕೆಯಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದಾರೆ. ಉಳಿದಿಬ್ಬರು ಅಗೋ ಆ ತೆರೆಯ ಹಿಂದೆ ತಂಬೂರಿಯೊಡನೆ ಕೂತಿದ್ದಾರೆ. ಶ್ರುತಿ ಮಾಡಲಿಕ್ಕೆ ಮೊದಲು ಐದು ಮಿನಿಟು ಕೊಡಬೇಕು. ಮತ್ತೆ ಯಾರಾದರೂ ದಯಮಾಡಿ ತಲೆಯ ಮೇಲಿನ ಈ ಪಂಖಾ ಬಂದ್ ಮಾಡಿದರೆ ಉಪಕಾರವಾದೀತು. ಅದರ ಗಾಳಿಗೆ ಪಂಚಮ ನಿಲ್ಲುವುದಿಲ್ಲ.